ಡಿಫರೆನ್ಷಿಯಲ್‌ನ ಹಲ್ಲು ಸಂಪರ್ಕ ಹೊಂದಾಣಿಕೆ

ಡಿಫರೆನ್ಷಿಯಲ್‌ನ ಹಲ್ಲು ಸಂಪರ್ಕ ಹೊಂದಾಣಿಕೆ: ವಾಹನದ ಡಿಫರೆನ್ಷಿಯಲ್ಲನ್ನು ಬಿಚ್ಚಿ ಮರುಜೋಡಿಸುವಾಗ ಪಿನಿಯನ್ ಮತ್ತು ಕ್ರೌನ್ ವೀಲ್‌ಗಳ ಹಲ್ಲುಗಳು ಸರಿಯಾದ ಜಾಗದಲ್ಲಿ, ಸರಿಯಾದ ಆಳದಲ್ಲಿ ಕೂಡುವಂತೆ ಆ ಎರಡು ಗೇರುಗಳ ಸ್ಥಾನವನ್ನು ನಿಗದಿಪಡಿಸುವ ಕ್ರಮ. ಪಿನಿಯನ್ ಆಳ, ಪಿನಿಯನ್ ಬೇರಿಂಗ್‌ನ ಪ್ರೀಲೋಡ್, ಬ್ಯಾಕ್‌ಲ್ಯಾಶ್, ಪಕ್ಕದ ಬೇರಿಂಗ್‌ಗಳ ಪ್ರೀಲೋಡ್ ಎಂಬ ನಾಲ್ಕು ಅಳತೆಗಳನ್ನು ಇದರಲ್ಲಿ ಹೊಂದಿಸಲಾಗುತ್ತದೆ. ಹಲ್ಲಿಗೆ ಬಣ್ಣದ ಲೇಪ ಹಚ್ಚಿ ಪಡೆಯುವ ಸಂಪರ್ಕ ಗುರುತು ಇದರ ಅಂತಿಮ ಪರೀಕ್ಷೆ. ಹಿಂಬದಿ ಚಾಲನೆಯ ಕಾರು, ಜೀಪು, ಬಸ್ಸು, ಲಾರಿಗಳ ಆಕ್ಸಲ್‌ಗಳಿಗೂ ನಾಲ್ಕು ಚಕ್ರ ಚಾಲನೆಯ ವಾಹನಗಳ ಮುಂಬದಿ ಆಕ್ಸಲ್‌ಗಳಿಗೂ ಇದು ಅನ್ವಯಿಸುತ್ತದೆ.

ಪರಿಭಾಷೆ

ಪ್ರೊಪೆಲರ್ ಶಾಫ್ಟ್‌ನಿಂದ ಬಲ ಪಡೆಯುವ ಚಿಕ್ಕ ಗೇರಿಗೆ ಪಿನಿಯನ್ ಎಂದು ಹೆಸರು. ಕರ್ನಾಟಕದ ಗ್ಯಾರೇಜುಗಳಲ್ಲಿ ಟೇಲ್ ಪಿನಿಯನ್ ಎಂಬ ಮಾತೂ ಬಳಕೆಯಲ್ಲಿದೆ. ಅದು ತಿರುಗಿಸುವ ದೊಡ್ಡ ಗೇರು ಕ್ರೌನ್ ವೀಲ್. ಇವೆರಡೂ ಸೇರಿದ ಜೋಡಿಯನ್ನು ಕ್ರೌನ್ ಪಿನಿಯನ್ ಸೆಟ್ ಎನ್ನುತ್ತಾರೆ. ಕ್ರೌನ್ ವೀಲ್ ಬೋಲ್ಟುಗಳಿಂದ ಡಿಫರೆನ್ಷಿಯಲ್ ಕೇಸಿಗೆ ಬಿಗಿಯಾಗಿರುತ್ತದೆ. ಕೇಸಿನೊಳಗಿನ ಚಿಕ್ಕ ಗೇರುಗಳು, ಅಂದರೆ ಸ್ಟಾರ್ ಪಿನಿಯನ್ನುಗಳು ಮತ್ತು ಪಕ್ಕದ ಗೇರುಗಳು, ತಿರುವಿನಲ್ಲಿ ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಅವಕಾಶ ಕೊಡುತ್ತವೆ. ಈ ಲೇಖನದ ಹೊಂದಾಣಿಕೆ ಕ್ರೌನ್ ಪಿನಿಯನ್ ಜೋಡಿಗೆ ಸಂಬಂಧಿಸಿದ್ದು.

ಕ್ರೌನ್ ವೀಲ್‌ನ ಹಲ್ಲನ್ನು ನಾಲ್ಕು ದಿಕ್ಕುಗಳಿಂದ ಗುರುತಿಸುತ್ತಾರೆ. ಚಕ್ರದ ಕೇಂದ್ರದ ಕಡೆಗಿರುವ ಒಳತುದಿ ಟೋ. ಹೊರಸುತ್ತಿನ ಕಡೆಗಿರುವ ಹೊರತುದಿ ಹೀಲ್. ಹಲ್ಲಿನ ಮೇಲಂಚು ನೆತ್ತಿ. ಹಲ್ಲು ಗೇರಿನ ಮೈಗೆ ಸೇರುವ ಕೆಳಭಾಗ ಬುಡ. ವಾಹನ ಮುಂದಕ್ಕೆ ಎಳೆಯುವಾಗ ಒತ್ತಡ ಬೀಳುವ ಪಕ್ಕ ಚಾಲನಾ ಬದಿ. ಆಕ್ಸಿಲರೇಟರ್ ಬಿಟ್ಟಾಗ ಚಕ್ರಗಳೇ ಎಂಜಿನ್ನನ್ನು ತಿರುಗಿಸುವಂತಾದಾಗ ಒತ್ತಡ ಬೀಳುವ ಪಕ್ಕ ಕೋಸ್ಟ್ ಬದಿ. ಸಾಮಾನ್ಯ ಹಿಂಬದಿ ಆಕ್ಸಲ್‌ನ ಕ್ರೌನ್ ವೀಲ್‌ನಲ್ಲಿ ಚಾಲನಾ ಬದಿ ಉಬ್ಬಾಗಿಯೂ ಕೋಸ್ಟ್ ಬದಿ ತಗ್ಗಾಗಿಯೂ ಬಾಗಿರುತ್ತದೆ.

ಪಿನಿಯನ್ನಿನ ಮುಖದಿಂದ ಕ್ರೌನ್ ವೀಲ್‌ನ ಅಕ್ಷಕ್ಕಿರುವ ದೂರದಿಂದ ಪಿನಿಯನ್ ಆಳ ತೀರ್ಮಾನವಾಗುತ್ತದೆ. ಕೂಡಿದ ಹಲ್ಲುಗಳ ನಡುವೆ ಉಳಿಯುವ ಸಡಿಲ ಬ್ಯಾಕ್‌ಲ್ಯಾಶ್. ಗ್ಯಾರೇಜಿನ ಮಾತಿನಲ್ಲಿ ಇದು ಪ್ಲೇ. ಟೇಪರ್ ರೋಲರ್ ಬೇರಿಂಗ್‌ಗಳು ಭಾರ ಬಿದ್ದಾಗ ಅಲುಗದಂತೆ ಮೊದಲೇ ಕೊಡುವ ಬಿಗಿತ ಪ್ರೀಲೋಡ್. ಸ್ಥಾನ ಹೊಂದಿಸಲು ಬಳಸುವ, ಅಳತೆಯ ದಪ್ಪವಿರುವ ಉಕ್ಕಿನ ತೆಳು ಬಿಲ್ಲೆಗಳು ಶಿಮ್‌ಗಳು.

ಉಗಮ ಮತ್ತು ಬೆಳವಣಿಗೆ

ವಾಹನಕ್ಕೆ ಡಿಫರೆನ್ಷಿಯಲ್ ಅಳವಡಿಸುವ ಕಲ್ಪನೆಯನ್ನು 1820ರ ದಶಕದ ಕೊನೆಯಲ್ಲಿ ಫ್ರಾನ್ಸಿನ ಒನೆಸಿಫೋರ್ ಪೆಕರ್ ಉಗಿ ವಾಹನಕ್ಕಾಗಿ ರೂಪಿಸಿದ. ಅಕ್ಷಗಳು ಒಂದಕ್ಕೊಂದು ಅಡ್ಡವಾಗಿದ್ದಾಗ ಬಲ ಸಾಗಿಸುವ ಬೆವೆಲ್ ಗೇರುಗಳ ತಯಾರಿಕೆಗೆ ಯಂತ್ರದ ನೆಲೆ ಕೊಟ್ಟವರಲ್ಲಿ ಅಮೆರಿಕದ ರೋಚೆಸ್ಟರ್ ನಗರದ ವಿಲಿಯಂ ಗ್ಲೀಸನ್ ಪ್ರಮುಖ. 1874ರಲ್ಲಿ ಅವನು ನೇರ ಹಲ್ಲಿನ ಬೆವೆಲ್ ಗೇರು ಕೊರೆಯುವ ಯಂತ್ರವನ್ನು ನಿರ್ಮಿಸಿದ. ಮೊದಮೊದಲ ಕಾರುಗಳ ಶಾಫ್ಟ್ ಚಾಲಿತ ಆಕ್ಸಲ್‌ಗಳಲ್ಲಿ ಈ ನೇರ ಹಲ್ಲಿನ ಗೇರುಗಳೇ ಇದ್ದವು. ವೇಗ ಹೆಚ್ಚಿದಾಗ ಅವು ಬಹಳ ಸದ್ದು ಮಾಡುತ್ತಿದ್ದವು.

1913ರ ಸುಮಾರಿಗೆ ಗ್ಲೀಸನ್ ಕಂಪನಿಯ ಯಂತ್ರಗಳಿಂದ ಬಾಗಿದ ಹಲ್ಲಿನ ಸ್ಪೈರಲ್ ಬೆವೆಲ್ ಗೇರು ಬಂತು. ಪ್ಯಾಕಾರ್ಡ್ ಕಾರುಗಳು ಅದನ್ನು ಮೊದಲು ಅಳವಡಿಸಿಕೊಂಡವುಗಳಲ್ಲಿ ಸೇರಿವೆ. 1920ರ ದಶಕದಲ್ಲಿ ಅದೇ ಕಂಪನಿಯ ಅರ್ನ್ಸ್ಟ್ ವಿಲ್ಡ್‌ಹಾಬರ್ ಹೈಪಾಯಿಡ್ ಗೇರನ್ನು ರೂಪಿಸಿದ. 1926ರಲ್ಲಿ ಪ್ಯಾಕಾರ್ಡ್ ಅದನ್ನೂ ಕಾರಿಗೆ ತಂದಿತು. ಪಿನಿಯನ್ನಿನ ಅಕ್ಷ ಕ್ರೌನ್ ವೀಲ್‌ನ ಅಕ್ಷಕ್ಕಿಂತ ಕೆಳಗೆ ಹೋದದ್ದರಿಂದ ಪ್ರೊಪೆಲರ್ ಶಾಫ್ಟ್ ತಗ್ಗಿತು. ಅದರೊಂದಿಗೆ ಕಾರಿನ ನೆಲವನ್ನೂ ತಗ್ಗಿಸಲು ಸಾಧ್ಯವಾಯಿತು. ಹಲ್ಲುಗಳ ಆಕಾರ ಹೀಗೆ ಜಟಿಲವಾಗುತ್ತ ಹೋದಂತೆ, ಅವು ಕೂಡುವ ಜಾಗದಲ್ಲಿ ಆಗುವ ಅಲ್ಪ ವ್ಯತ್ಯಾಸವೂ ಸದ್ದು ಮತ್ತು ಸವೆತಕ್ಕೆ ಕಾರಣವಾಗತೊಡಗಿತು. ಸಂಪರ್ಕ ಗುರುತಿನ ಪರೀಕ್ಷೆ ಕಾರ್ಖಾನೆಯಲ್ಲೂ ದುರಸ್ತಿ ಕೆಲಸದಲ್ಲೂ ಅನಿವಾರ್ಯವಾದದ್ದು ಹೀಗೆ.

ಗೇರುಗಳ ವಿಧಗಳು

ಸ್ಪೈರಲ್ ಬೆವೆಲ್: ಎರಡು ಅಕ್ಷಗಳೂ ಒಂದೇ ಬಿಂದುವಿನಲ್ಲಿ ಸಂಧಿಸುತ್ತವೆ. ಹಲ್ಲು ಬಾಗಿರುವುದರಿಂದ ಒಂದು ಹಲ್ಲು ಬಿಡುವ ಮುನ್ನವೇ ಮುಂದಿನದು ಭಾರ ಹೊರತೊಡಗುತ್ತದೆ.

ಹೈಪಾಯಿಡ್: ಅಕ್ಷಗಳು ಸಂಧಿಸುವುದಿಲ್ಲ. ಪಿನಿಯನ್ ಹೆಚ್ಚು ದಪ್ಪವಾಗಿ ಬಲವಾಗಿರುತ್ತದೆ. ಏಕಕಾಲಕ್ಕೆ ಕೂಡುವ ಹಲ್ಲುಗಳೂ ಹೆಚ್ಚು. ಆದರೆ ಹಲ್ಲುಗಳು ಉರುಳುವುದರ ಜೊತೆಗೆ ಉದ್ದಕ್ಕೂ ಜಾರುವುದರಿಂದ ಅತಿ ಒತ್ತಡ ತಡೆಯುವ ರಾಸಾಯನಿಕಗಳಿರುವ ಜಿಎಲ್-5 ದರ್ಜೆಯ ಎಣ್ಣೆ ಬೇಕು. ಇಂದಿನ ಹಿಂಬದಿ ಚಾಲನೆಯ ವಾಹನಗಳಲ್ಲಿ ಹೆಚ್ಚಿನವು ಈ ವಿಧದವು.

ಹಲ್ಲು ಕೊರೆಯುವ ವಿಧಾನದಲ್ಲೂ ಎರಡು ಬಗೆಯಿದೆ. ಫೇಸ್ ಮಿಲ್ಲಿಂಗ್‌ನಲ್ಲಿ ಸಾಮಾನ್ಯವಾಗಿ ಹಲ್ಲಿನ ಎತ್ತರ ಹೀಲ್‌ನಿಂದ ಟೋ ಕಡೆಗೆ ಕಿರಿದಾಗುತ್ತ ಹೋಗುತ್ತದೆ. ಫೇಸ್ ಹಾಬಿಂಗ್‌ನಲ್ಲಿ ಎತ್ತರ ಉದ್ದಕ್ಕೂ ಒಂದೇ ಇರುತ್ತದೆ. ಎರಡನೆಯ ಬಗೆಯ ಸೆಟ್ಟುಗಳಲ್ಲಿ ಗುರುತು ನೆತ್ತಿ ಮತ್ತು ಬುಡದ ನಡುವೆ ಸರಿಯಾಗಿ ಕೂತಿದೆಯೇ ಎಂಬುದೇ ಮುಖ್ಯ. ಟೋ–ಹೀಲ್ ದಿಕ್ಕಿನ ಸ್ಥಾನಕ್ಕೆ ಅಷ್ಟು ಮಹತ್ವವಿಲ್ಲ. ಹೊಂದಿಸುವ ಮೊದಲು ಹಲ್ಲಿನ ಎತ್ತರವನ್ನು ಎರಡೂ ತುದಿಗಳಲ್ಲಿ ನೋಡಿ ಬಗೆಯನ್ನು ತಿಳಿದುಕೊಳ್ಳಬೇಕಾಗುತ್ತದೆ.

ಹೌಸಿಂಗ್‌ನಲ್ಲಿಯೂ ಎರಡು ರಚನೆಗಳಿವೆ. ಮೊದಲನೆಯದರಲ್ಲಿ ಪಿನಿಯನ್ ಮತ್ತು ಕೇಸು ನೇರವಾಗಿ ಆಕ್ಸಲ್ ಹೌಸಿಂಗ್‌ನಲ್ಲೇ ಕೂತಿರುತ್ತವೆ; ಡಾನಾ 44 ಇದಕ್ಕೆ ಉದಾಹರಣೆ. ಎರಡನೆಯದರಲ್ಲಿ ಇಡೀ ಗೇರು ಸಮೂಹ ಒಂದು ಕ್ಯಾರಿಯರ್‌ನಲ್ಲಿದ್ದು, ಅದನ್ನು ಹೌಸಿಂಗ್‌ನಿಂದ ಹೊರತೆಗೆದು ಬೆಂಚಿನ ಮೇಲಿಟ್ಟು ಹೊಂದಿಸಬಹುದು. 1957ರಲ್ಲಿ ಬಂದ ಫೋರ್ಡ್ 9 ಇಂಚಿನ ಆಕ್ಸಲ್ ಮತ್ತು ಬಹುತೇಕ ಬಸ್ಸು, ಲಾರಿಗಳ ಆಕ್ಸಲ್‌ಗಳು ಈ ವರ್ಗಕ್ಕೆ ಸೇರುತ್ತವೆ.

ಸಂಪರ್ಕದ ತತ್ತ್ವ

ಕ್ರೌನ್ ಪಿನಿಯನ್ ಹಲ್ಲುಗಳು ಪೂರ್ತಿ ಮೈಗೆ ಮೈ ತಾಗುವಂತೆ ಮಾಡಿರುವುದಿಲ್ಲ. ಎರಡು ಮೈಗಳ ಬಾಗನ್ನು ಉದ್ದೇಶಪೂರ್ವಕವಾಗಿ ಅತ್ಯಲ್ಪ ಬೇರೆಯಾಗಿಸಿ, ಭಾರವಿಲ್ಲದಾಗ ಹಲ್ಲಿನ ನಡುಭಾಗದಲ್ಲಿ ಅಂಡಾಕಾರದ ಒಂದು ಪ್ರದೇಶ ಮಾತ್ರ ತಾಗುವಂತೆ ಮಾಡಿರುತ್ತಾರೆ. ಭಾರ ಬಿದ್ದಾಗ ಶಾಫ್ಟು, ಬೇರಿಂಗು, ಹೌಸಿಂಗುಗಳು ಅಲ್ಪ ಮಣಿಯುತ್ತವೆ. ಗುರುತು ಹಿಗ್ಗಿ ಹೀಲ್ ಕಡೆಗೆ ಸರಿಯುತ್ತದೆ. ಆದ್ದರಿಂದ ಭಾರವಿಲ್ಲದ ಸ್ಥಿತಿಯಲ್ಲಿ ಚಾಲನಾ ಬದಿಯ ಗುರುತು ನಡುವಿನಲ್ಲಿ, ಅಥವಾ ನಡುವಿಗಿಂತ ಸ್ವಲ್ಪ ಟೋ ಕಡೆಗೆ ಇರಬೇಕು. ಮೊದಲೇ ಹೀಲ್‌ನ ಅಂಚಿನಲ್ಲಿದ್ದರೆ ಭಾರ ಬಿದ್ದಾಗ ಸಂಪರ್ಕ ಹಲ್ಲಿನ ಹೊರಕ್ಕೆ ಜಾರುತ್ತದೆ. ಆಗ ಇಡೀ ಒತ್ತಡ ಹಲ್ಲಿನ ಮೂಲೆಯ ಮೇಲೆ ಬಿದ್ದು ಹಲ್ಲು ಸಿಡಿಯುತ್ತದೆ.

ಕ್ರೌನ್ ಮತ್ತು ಪಿನಿಯನ್ ಯಾವಾಗಲೂ ಜೋಡಿಯಾಗಿಯೇ ಬರುತ್ತವೆ. ಹಲ್ಲುಗಳ ಮೇಲ್ಮೈಯನ್ನು ಕಠಿಣಗೊಳಿಸಿದ ನಂತರ ಕಾರ್ಖಾನೆಯಲ್ಲಿ ಉಜ್ಜುಪುಡಿ ಬೆರೆಸಿದ ಎಣ್ಣೆಯಲ್ಲಿ ಎರಡನ್ನೂ ಒಟ್ಟಿಗೆ ತಿರುಗಿಸಿ ಪರಸ್ಪರ ಹೊಂದಿಸಿರುತ್ತಾರೆ. ಇದಕ್ಕೆ ಲ್ಯಾಪಿಂಗ್ ಎಂದು ಹೆಸರು. ಎರಡರ ಮೇಲೂ ಒಂದೇ ಜೋಡಿ ಸಂಖ್ಯೆ ಇರುತ್ತದೆ. ಬೇರೆ ಬೇರೆ ಸೆಟ್ಟಿನ ಕ್ರೌನ್ ಮತ್ತು ಪಿನಿಯನ್ ಸೇರಿಸಿದರೆ ಶಿಮ್ ಎಷ್ಟೇ ಬದಲಿಸಿದರೂ ಸರಿಯಾದ ಗುರುತು ಸಿಗುವುದಿಲ್ಲ.

ಹಲ್ಲುಗಳ ಸಂಖ್ಯೆಯೂ ಇಲ್ಲಿ ಮುಖ್ಯ. ಕ್ರೌನ್‌ಗೆ 41, ಪಿನಿಯನ್‌ಗೆ 10 ಹಲ್ಲಿರುವ ಸೆಟ್ಟಿನಲ್ಲಿ ಎರಡು ಸಂಖ್ಯೆಗಳಿಗೂ ಸಾಮಾನ್ಯ ಭಾಜಕ ಇಲ್ಲ. ಒಂದೇ ಎರಡು ಹಲ್ಲುಗಳು ಮತ್ತೆ ಕೂಡಲು ಕ್ರೌನ್ 10 ಸುತ್ತು, ಪಿನಿಯನ್ 41 ಸುತ್ತು ತಿರುಗಬೇಕು. ಪ್ರತಿ ಹಲ್ಲೂ ಎದುರಿನ ಪ್ರತಿ ಹಲ್ಲನ್ನೂ ಸಂಧಿಸುವುದರಿಂದ ಸವೆತ ಸಮನಾಗುತ್ತದೆ. 39 ಮತ್ತು 13 ಹಲ್ಲುಗಳ ಸೆಟ್ಟಿನಲ್ಲಿ ಕ್ರೌನ್‌ನ ಪ್ರತಿ ಸುತ್ತಿಗೂ ಅವೇ ಹಲ್ಲುಗಳು ಕೂಡುತ್ತವೆ. ಇಂಥ ಸೆಟ್ಟುಗಳಲ್ಲಿ ಲ್ಯಾಪಿಂಗ್ ಮಾಡಿದ ಹಲ್ಲುಗಳೇ ಮತ್ತೆ ಕೂಡುವಂತೆ ಬಣ್ಣದ ಗುರುತು ಹಾಕಿರುತ್ತಾರೆ. ಜೋಡಿಸುವಾಗ ಅದನ್ನು ಹೊಂದಿಸಿಕೊಳ್ಳಬೇಕು.

ಉಪಕರಣಗಳು

ಅಯಸ್ಕಾಂತದ ಸ್ಟ್ಯಾಂಡ್ ಇರುವ ಡಯಲ್ ಗೇಜ್, ಮೈಕ್ರೋಮೀಟರ್, ನ್ಯೂಟನ್-ಮೀಟರಿನ ಸಣ್ಣ ಭಾಗಗಳನ್ನೂ ತೋರಿಸುವ ಟಾರ್ಕ್ ವ್ರೆಂಚ್, ಬೇರಿಂಗ್ ಪುಲ್ಲರ್, ಪ್ರೆಸ್, ಬೇರೆ ಬೇರೆ ದಪ್ಪದ ಶಿಮ್‌ಗಳು ಇವು ಮುಖ್ಯ ಉಪಕರಣಗಳು. ಪಿನಿಯನ್ ಆಳವನ್ನು ನೇರವಾಗಿ ಅಳೆಯಲು ಡಮ್ಮಿ ಪಿನಿಯನ್ ಮತ್ತು ಪಕ್ಕದ ಬೇರಿಂಗ್‌ಗಳ ಜಾಗದಲ್ಲಿ ಕೂರುವ ದಂಡವಿರುವ ವಿಶೇಷ ಗೇಜ್ ಇದೆ. ಗುರುತು ಪಡೆಯಲು ಪ್ರಷ್ಯನ್ ಬ್ಲೂ ಅಥವಾ ಹಳದಿ ಬಣ್ಣದ ಗೇರ್ ಮಾರ್ಕಿಂಗ್ ಲೇಪ ಬಳಸುತ್ತಾರೆ. ಹಿಂದೆ ಎಣ್ಣೆಯಲ್ಲಿ ಕಲಸಿದ ರೆಡ್ ಲೆಡ್ ಬಳಕೆಯಲ್ಲಿತ್ತು. ಸೀಸ ವಿಷಕಾರಿಯಾದ್ದರಿಂದ ಅದನ್ನು ಬರಿಗೈಯಲ್ಲಿ ಮುಟ್ಟಬಾರದು.

ಹೊಂದಾಣಿಕೆಯ ಕ್ರಮ

ಬಿಚ್ಚುವ ಮುನ್ನ: ಹಳೆಯ ಬ್ಯಾಕ್‌ಲ್ಯಾಶ್ ಅಳತೆ ಮತ್ತು ಸಂಪರ್ಕ ಗುರುತನ್ನು ಬರೆದಿಡಬೇಕು. ಡಿಫರೆನ್ಷಿಯಲ್ ಕೇಸನ್ನು ಹೊರುವ ಪಕ್ಕದ ಬೇರಿಂಗ್‌ಗಳ ಕ್ಯಾಪ್‌ಗಳಿಗೆ ಎಡ, ಬಲ ಎಂದು ಪಂಚ್ ಗುರುತು ಹಾಕಬೇಕು. ಕ್ಯಾಪ್‌ಗಳನ್ನು ಹೌಸಿಂಗ್‌ಗೆ ಬಿಗಿದೇ ರಂಧ್ರ ಕೊರೆದಿರುವುದರಿಂದ ಅದಲುಬದಲಾದರೆ ಬೇರಿಂಗ್ ಸರಿಯಾಗಿ ಕೂರುವುದಿಲ್ಲ. ಹೊರತೆಗೆದ ಶಿಮ್‌ಗಳ ಜಾಗ ಮತ್ತು ದಪ್ಪವನ್ನು ದಾಖಲಿಸಬೇಕು.

ಕ್ರೌನ್ ವೀಲ್ ಕೂರಿಸುವುದು: ಕೇಸಿನ ಮುಖವನ್ನು ಶುಚಿ ಮಾಡಿ, ಗೀಚಿನ ಉಬ್ಬುಗಳನ್ನು ತೆಗೆದು, ಬೋಲ್ಟುಗಳನ್ನು ಎದುರುಬದುರು ಕ್ರಮದಲ್ಲಿ ಬಿಗಿಯಬೇಕು. ಕೆಲವು ಆಕ್ಸಲ್‌ಗಳಲ್ಲಿ ಈ ಬೋಲ್ಟುಗಳು ಎಡ ತಿರುಪಿನವು. ಬಿಗಿಯಾಗಿ ಕೂರುವ ಕ್ರೌನ್ ವೀಲನ್ನು ಬಿಸಿನೀರಿನಲ್ಲಿ ಕಾಯಿಸಿ ಕೂರಿಸಬಹುದು; ಗ್ಯಾಸ್ ಜ್ವಾಲೆಯಿಂದ ಕಾಯಿಸಿದರೆ ಹಲ್ಲಿನ ಕಾಠಿಣ್ಯ ಹೋಗುತ್ತದೆ. ಕೂರಿಸಿದ ಮೇಲೆ ಕ್ರೌನ್‌ನ ಹಿಂಬದಿಗೆ ಡಯಲ್ ಗೇಜ್ ಹಿಡಿದು ಓಲಾಟ ನೋಡುತ್ತಾರೆ. ಕಾರುಗಳಲ್ಲಿ ಇದು ಸಾಮಾನ್ಯವಾಗಿ 0.05ರಿಂದ 0.08 ಮಿ.ಮೀ. ಒಳಗಿರಬೇಕು; ಲಾರಿಗಳ ದೊಡ್ಡ ಕ್ರೌನ್‌ಗಳಿಗೆ 0.20 ಮಿ.ಮೀ. ವರೆಗೂ ಅನುಮತಿ ಇರುವುದುಂಟು.

ಪಿನಿಯನ್ ಆಳ: ಹಲವು ತಯಾರಕರು ಪಿನಿಯನ್ನಿನ ಮುಖದ ಮೇಲೆ +3, −2 ಇಂಥ ಅಂಕಿ ಕೊರೆದಿರುತ್ತಾರೆ. ಆ ಪಿನಿಯನ್ ಪ್ರಮಾಣಿತ ಸ್ಥಾನಕ್ಕಿಂತ ಎಷ್ಟು ಹತ್ತಿರ ಅಥವಾ ದೂರ ಕೂರಬೇಕೆಂಬುದನ್ನು ಅದು ಸೂಚಿಸುತ್ತದೆ. ಡಾನಾ ಆಕ್ಸಲ್‌ಗಳ ಪದ್ಧತಿಯಲ್ಲಿ ಅಂಕಿ ಇಂಚಿನ ಸಾವಿರದ ಒಂದು ಭಾಗದಲ್ಲಿದ್ದು, + ಎಂದರೆ ಪಿನಿಯನ್ ಕ್ರೌನ್ ಅಕ್ಷದಿಂದ ದೂರ ಕೂರಬೇಕು. ಹಳೆಯ ಪಿನಿಯನ್ +3 ಇದ್ದು ಹೊಸದು −2 ಆಗಿದ್ದರೆ ವ್ಯತ್ಯಾಸ ಇಂಚಿನ ಸಾವಿರದ 5 ಭಾಗ, ಅಂದರೆ ಸುಮಾರು 0.13 ಮಿ.ಮೀ. ಹಳೆಯ ಶಿಮ್ 1.00 ಮಿ.ಮೀ. ಇದ್ದಲ್ಲಿ ಹೊಸದಕ್ಕೆ 1.13 ಮಿ.ಮೀ. ಶಿಮ್‌ನಿಂದ ಆರಂಭಿಸಬೇಕು. ಅಂಕಿಯ ಅರ್ಥ ತಯಾರಕರಿಂದ ತಯಾರಕರಿಗೆ ಬದಲಾಗುವುದರಿಂದ ಆಯಾ ಕೈಪಿಡಿಯೇ ಆಧಾರ.

ಶಿಮ್ ಇರುವ ಜಾಗವನ್ನೂ ಗಮನಿಸಬೇಕು. ಪಿನಿಯನ್ ತಲೆ ಮತ್ತು ಒಳ ಬೇರಿಂಗ್ ನಡುವೆ, ಅಥವಾ ಒಳ ಬೇರಿಂಗ್‌ನ ಕಪ್ಪಿನ ಹಿಂದೆ ಶಿಮ್ ಇದ್ದರೆ ದಪ್ಪ ಹೆಚ್ಚಿದಷ್ಟೂ ಪಿನಿಯನ್ ಕ್ರೌನ್‌ಗೆ ಹತ್ತಿರವಾಗುತ್ತದೆ. ಪಿನಿಯನ್ ಪ್ರತ್ಯೇಕ ಕೇಜಿನಲ್ಲಿದ್ದು, ಕೇಜ್ ಮತ್ತು ಕ್ಯಾರಿಯರ್ ನಡುವೆ ಶಿಮ್ ಇದ್ದರೆ ದಪ್ಪ ಹೆಚ್ಚಿದಷ್ಟೂ ಪಿನಿಯನ್ ದೂರವಾಗುತ್ತದೆ.

ಪಿನಿಯನ್ ಪ್ರೀಲೋಡ್: ಎರಡು ಬೇರಿಂಗ್‌ಗಳ ನಡುವಿನ ಶಿಮ್‌ಗಳಿಂದ, ಅಥವಾ ನಟ್ಟು ಬಿಗಿದಂತೆ ಕುಗ್ಗುವ ಸ್ಲೀವ್‌ನಿಂದ ಇದನ್ನು ಪಡೆಯುತ್ತಾರೆ. ಪಿನಿಯನ್ನನ್ನು ಸಮವೇಗದಲ್ಲಿ ತಿರುಗಿಸಲು ಬೇಕಾಗುವ ಟಾರ್ಕೇ ಇದರ ಅಳತೆ. ಕಾರು, ಜೀಪುಗಳ ಹೊಸ ಬೇರಿಂಗ್‌ಗಳಿಗೆ ಇದು ಸಾಮಾನ್ಯವಾಗಿ 1.5ರಿಂದ 4 ನ್ಯೂಟನ್-ಮೀಟರ್. ಹಳೆಯ ಬೇರಿಂಗ್‌ಗಳಿಗೆ ಸುಮಾರು ಅರ್ಧ. ಕುಗ್ಗುವ ಸ್ಲೀವನ್ನು ಮಿತಿಮೀರಿ ಕುಗ್ಗಿಸಿದರೆ ನಟ್ಟು ಸಡಿಲಿಸಿ ಸರಿಪಡಿಸಲು ಬರುವುದಿಲ್ಲ. ಹೊಸ ಸ್ಲೀವ್ ಹಾಕಬೇಕು. ಆದ್ದರಿಂದ ಗುರುತಿನ ಪರೀಕ್ಷೆ ಮುಗಿಯುವವರೆಗೆ ಹಳೆಯ ನಟ್ಟನ್ನೇ ಬಳಸಿ, ಸ್ಲೀವ್ ಮತ್ತು ಎಣ್ಣೆ ಸೀಲ್ ಇಲ್ಲದೆ ತಾತ್ಕಾಲಿಕವಾಗಿ ಜೋಡಿಸುತ್ತಾರೆ.

ಬ್ಯಾಕ್‌ಲ್ಯಾಶ್: ಪಿನಿಯನ್ ಅಲುಗದಂತೆ ಹಿಡಿದು, ಕ್ರೌನ್ ಹಲ್ಲಿನ ಹೀಲ್ ಭಾಗಕ್ಕೆ ಡಯಲ್ ಗೇಜಿನ ತುದಿಯನ್ನು ಲಂಬವಾಗಿ ತಾಗಿಸಿ, ಕ್ರೌನನ್ನು ಹಿಂದೆ ಮುಂದೆ ಆಡಿಸಿ ಅಳೆಯಬೇಕು. ಕಾರು, ಜೀಪುಗಳಲ್ಲಿ ಸಾಮಾನ್ಯ ಮಿತಿ 0.13ರಿಂದ 0.20 ಮಿ.ಮೀ.; ಭಾರಿ ಲಾರಿಗಳಲ್ಲಿ 0.20ರಿಂದ 0.45 ಮಿ.ಮೀ. ವರೆಗೂ ಇರುತ್ತದೆ. ಸುತ್ತಲೂ ಕನಿಷ್ಠ ಮೂರು ಕಡೆ ಅಳೆಯಬೇಕು. ಕಾರುಗಳಲ್ಲಿ ಅಳತೆಗಳ ನಡುವಿನ ವ್ಯತ್ಯಾಸ 0.05 ಮಿ.ಮೀ. ಮೀರಿದರೆ ಕ್ರೌನ್ ಓಲಾಡುತ್ತಿದೆ ಎಂದರ್ಥ.

ಸಾಮಾನ್ಯ ಸೆಟ್ಟುಗಳಲ್ಲಿ ಕ್ರೌನ್ ಅಡ್ಡಕ್ಕೆ ಸರಿದ ದೂರದ ಸುಮಾರು ಹತ್ತರಲ್ಲಿ ಏಳು ಭಾಗದಷ್ಟು ಬ್ಯಾಕ್‌ಲ್ಯಾಶ್ ಬದಲಾಗುತ್ತದೆ. ಅಳತೆ 0.30 ಇದ್ದು 0.20 ಬೇಕಿದ್ದರೆ ಕ್ರೌನ್ ಸುಮಾರು 0.14 ಮಿ.ಮೀ. ಪಿನಿಯನ್ ಕಡೆಗೆ ಸರಿಯಬೇಕು. ಅಷ್ಟು ದಪ್ಪದ ಶಿಮ್ಮನ್ನು ಕ್ರೌನ್‌ನ ಹಲ್ಲಿನ ಕಡೆಯ ಬೇರಿಂಗ್‌ನಿಂದ ತೆಗೆದು ಹಿಂಬದಿಯ ಬೇರಿಂಗ್‌ಗೆ ಹಾಕಿದರೆ ಒಟ್ಟು ದಪ್ಪ ಬದಲಾಗದೆ ಪಕ್ಕದ ಬೇರಿಂಗ್‌ಗಳ ಪ್ರೀಲೋಡ್ ಹಾಗೆಯೇ ಉಳಿಯುತ್ತದೆ. ತಿರುಪಿನ ಹೊಂದಾಣಿಕೆ ರಿಂಗ್‌ಗಳಿರುವ ಆಕ್ಸಲ್‌ಗಳಲ್ಲಿ ಒಂದು ಕಡೆ ಸಡಿಲಿಸಿದಷ್ಟೇ ಕಚ್ಚುಗಳನ್ನು ಇನ್ನೊಂದು ಕಡೆ ಬಿಗಿಯುತ್ತಾರೆ.

ಸಂಪರ್ಕ ಗುರುತಿನ ಪರೀಕ್ಷೆ

ಕ್ರೌನ್ ವೀಲ್‌ನ ಮೂರು ನಾಲ್ಕು ಹಲ್ಲುಗಳನ್ನು ಎಣ್ಣೆ ಇಲ್ಲದಂತೆ ಒರೆಸಿ, ಎರಡೂ ಬದಿಗೆ ತೆಳುವಾಗಿ ಲೇಪ ಹಚ್ಚಬೇಕು. ಚಕ್ರದ ಸುತ್ತ ಒಂದಕ್ಕಿಂತ ಹೆಚ್ಚು ಕಡೆ ಹೀಗೆ ಮಾಡುವುದು ಒಳ್ಳೆಯದು. ಪಿನಿಯನ್ನಿನ ಫ್ಲ್ಯಾಂಜ್‌ಗೆ ಬಟ್ಟೆ ಸುತ್ತಿ ಎಳೆದು ಹಿಡಿದು ತಡೆ ಕೊಡುತ್ತ, ಕ್ರೌನ್ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಲೇಪ ಹಚ್ಚಿದ ಹಲ್ಲುಗಳು ಪಿನಿಯನ್ನನ್ನು ಹಾದುಹೋಗುವಂತೆ ಎರಡೂ ದಿಕ್ಕಿಗೆ ತಿರುಗಿಸಬೇಕು. ತಡೆ ಇಲ್ಲದಿದ್ದರೆ ಗುರುತು ಮಸುಕಾಗಿರುತ್ತದೆ.

ಹಲ್ಲುಗಳು ಒತ್ತಿದ ಕಡೆ ಲೇಪ ಪಕ್ಕಕ್ಕೆ ಸರಿದು ಉಕ್ಕಿನ ಹೊಳಪು ಕಾಣುತ್ತದೆ. ಸರಿಯಾದ ಗುರುತು ಅಂಡಾಕಾರದಲ್ಲಿದ್ದು ಅದರ ಅಂಚುಗಳು ನಿಧಾನವಾಗಿ ಮಾಸುತ್ತ ಹೋಗುತ್ತವೆ. ಸುತ್ತಲೂ, ಅದರಲ್ಲೂ ನೆತ್ತಿ ಮತ್ತು ಬುಡದ ಕಡೆಗೆ, ಲೇಪ ಉಳಿದಿರುತ್ತದೆ. ಗುರುತಿನ ಒಂದು ಅಂಚು ಗೆರೆ ಎಳೆದಂತೆ ತೀಕ್ಷ್ಣವಾಗಿದ್ದರೆ ಆ ಕಡೆ ಹಲ್ಲಿನ ಅಂಚೇ ತಾಗುತ್ತಿದೆ ಎಂದರ್ಥ.

ದೋಷಗಳ ಓದು ಹೀಗಿದೆ:

- ಎರಡೂ ಬದಿಯಲ್ಲಿ ಗುರುತು ಬುಡಕ್ಕೆ ಇಳಿದಿದ್ದರೆ ಪಿನಿಯನ್ ಅತಿ ಹತ್ತಿರವಿದೆ, ದೂರ ಸರಿಸಬೇಕು.
- ಎರಡೂ ಬದಿಯಲ್ಲಿ ಗುರುತು ನೆತ್ತಿಗೆ ಏರಿದ್ದರೆ ಪಿನಿಯನ್ ಅತಿ ದೂರವಿದೆ, ಹತ್ತಿರ ತರಬೇಕು.
- ಎತ್ತರ ಸರಿಯಿದ್ದು ಚಾಲನಾ ಬದಿಯ ಗುರುತು ಟೋ ಅಂಚಿನಲ್ಲಿದ್ದರೆ ಕ್ರೌನ್ ಅತಿ ಹತ್ತಿರವಿದೆ, ಬ್ಯಾಕ್‌ಲ್ಯಾಶ್ ಹೆಚ್ಚಿಸಬೇಕು.
- ಎತ್ತರ ಸರಿಯಿದ್ದು ಚಾಲನಾ ಬದಿಯ ಗುರುತು ಹೀಲ್ ಅಂಚಿನಲ್ಲಿದ್ದರೆ ಕ್ರೌನ್ ಅತಿ ದೂರವಿದೆ, ಬ್ಯಾಕ್‌ಲ್ಯಾಶ್ ತಗ್ಗಿಸಬೇಕು.

ಒಂದನ್ನು ಸರಿಸಿದಾಗ ಇನ್ನೊಂದೂ ಸ್ವಲ್ಪ ಬದಲಾಗುತ್ತದೆ. ಪಿನಿಯನ್ ಹತ್ತಿರ ಬಂದಾಗ ಗುರುತು ಬುಡಕ್ಕೆ ಇಳಿಯುವುದರ ಜೊತೆಗೆ ಚಾಲನಾ ಬದಿಯಲ್ಲಿ ಟೋ ಕಡೆಗೂ ಕೋಸ್ಟ್ ಬದಿಯಲ್ಲಿ ಹೀಲ್ ಕಡೆಗೂ ಸರಿಯುತ್ತದೆ. ಬ್ಯಾಕ್‌ಲ್ಯಾಶ್ ಕೂಡ ಕಡಿಮೆಯಾಗುತ್ತದೆ. ಆದ್ದರಿಂದ ಪಿನಿಯನ್ ಶಿಮ್ ಬದಲಿಸಿದ ಪ್ರತಿ ಸಲವೂ ಬ್ಯಾಕ್‌ಲ್ಯಾಶ್ ಮರುಹೊಂದಿಸಿ, ಆಮೇಲೆ ಗುರುತು ನೋಡಬೇಕು. ಮೊದಲು ಎತ್ತರ, ನಂತರ ಉದ್ದ ಎಂಬುದು ಕ್ರಮ. ಎರಡು ಬದಿಗಳಲ್ಲಿ ಒಂದನ್ನಷ್ಟೇ ಪೂರ್ಣ ಸರಿಪಡಿಸಲು ಸಾಧ್ಯವಾದರೆ ಚಾಲನಾ ಬದಿಗೆ ಆದ್ಯತೆ. ಗುರುತಿಗಾಗಿ ಬ್ಯಾಕ್‌ಲ್ಯಾಶನ್ನು ನಿಗದಿತ ಮಿತಿಯ ಹೊರಗೆ ಒಯ್ಯಬಾರದು.

ಬಳಸಿದ ಗೇರುಗಳನ್ನೇ ಮತ್ತೆ ಹಾಕುವಾಗ ಗುರಿ ಬೇರೆ. ಓಡಿದ ಹಲ್ಲುಗಳು ತಮ್ಮದೇ ಸವೆತದ ಆಕಾರ ಪಡೆದಿರುತ್ತವೆ. ಅವನ್ನು ಹಳೆಯ ಪಿನಿಯನ್ ಆಳ ಮತ್ತು ಹಳೆಯ ಬ್ಯಾಕ್‌ಲ್ಯಾಶ್‌ಗೆ ಮರಳಿಸಬೇಕು; ಹೊಸ ಗೇರಿನ ಗುರುತನ್ನು ಅವುಗಳಲ್ಲಿ ಹುಡುಕಿದರೆ ಸದ್ದು ಹೆಚ್ಚುತ್ತದೆ.

ಅಂತಿಮ ಜೋಡಣೆ

ಗುರುತು ಸರಿಬಂದ ಮೇಲೆ ಲೇಪವನ್ನು ತೊಳೆದು, ಹೊಸ ಸ್ಲೀವ್, ಹೊಸ ಸೀಲ್, ಹೊಸ ನಟ್ಟು ಹಾಕಿ ಪಿನಿಯನ್ ಪ್ರೀಲೋಡ್ ಕೊಡುತ್ತಾರೆ. ಬೇರಿಂಗ್ ಕ್ಯಾಪ್‌ಗಳನ್ನು ನಿಗದಿತ ಟಾರ್ಕಿಗೆ ಬಿಗಿದು ಬ್ಯಾಕ್‌ಲ್ಯಾಶನ್ನೂ ಗುರುತನ್ನೂ ಕೊನೆಯ ಸಲ ನೋಡುತ್ತಾರೆ. ಭಾರಿ ಲಾರಿಗಳ ಕೆಲವು ಆಕ್ಸಲ್‌ಗಳಲ್ಲಿ ಕ್ರೌನ್‌ನ ಬೆನ್ನಿಗೆ ಆಸರೆಯಾಗಿ ಥ್ರಸ್ಟ್ ಸ್ಕ್ರೂ ಇರುತ್ತದೆ. ಅದನ್ನು ಕ್ರೌನ್‌ಗೆ ತಾಗುವವರೆಗೆ ಬಿಗಿದು, ತಯಾರಕರು ಹೇಳಿದಷ್ಟು ಹಿಂದಕ್ಕೆ ತಿರುಗಿಸಿ ಲಾಕ್ ಮಾಡಬೇಕು.

ಹೊಸ ಗೇರಿನ ಮೊದಲ ಓಟದಲ್ಲಿ ಹಲ್ಲುಗಳು ಬಹಳ ಬಿಸಿಯಾಗುತ್ತವೆ. ಮೊದಲ 20–30 ಕಿ.ಮೀ. ಹಗುರವಾಗಿ ಓಡಿಸಿ ಪೂರ್ತಿ ತಣಿಯಲು ಬಿಡುವುದು, ಸುಮಾರು 800 ಕಿ.ಮೀ. ಆದ ಮೇಲೆ ಎಣ್ಣೆ ಬದಲಿಸುವುದು ಸಾಮಾನ್ಯ ಸಲಹೆ.

ತಪ್ಪು ಹೊಂದಾಣಿಕೆಯ ಪರಿಣಾಮಗಳು

ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಕೇಳಿಬರುವ ಗುಂಯ್‌ಗುಟ್ಟುವ ಸದ್ದು ಚಾಲನಾ ಬದಿಯ ಸಂಪರ್ಕ ದೋಷವನ್ನೂ, ಬಿಟ್ಟಾಗ ಮಾತ್ರ ಬರುವ ಸದ್ದು ಕೋಸ್ಟ್ ಬದಿಯ ದೋಷ ಅಥವಾ ಸಡಿಲಗೊಂಡ ಪಿನಿಯನ್ ಬೇರಿಂಗನ್ನೂ ಸೂಚಿಸುತ್ತದೆ. ಗೇರು ಹಾಕಿದಾಗ ಕೇಳುವ ಠಕ್ಕೆಂಬ ಸದ್ದಿಗೆ ಅತಿ ಬ್ಯಾಕ್‌ಲ್ಯಾಶ್ ಒಂದು ಕಾರಣ. ಬ್ಯಾಕ್‌ಲ್ಯಾಶ್ ತೀರ ಕಡಿಮೆಯಿದ್ದರೆ ಎಣ್ಣೆಯ ಪದರ ನಿಲ್ಲಲು ಜಾಗವಿಲ್ಲದೆ ಹಲ್ಲು ಕಾದು ನೀಲಿಗಟ್ಟುತ್ತದೆ, ಮೈ ಗೀಚಿಹೋಗುತ್ತದೆ. ನೆತ್ತಿಯ ಸಂಪರ್ಕದಿಂದ ಅಂಚು ಕಿತ್ತುಬರುತ್ತದೆ. ಬುಡದ ಸಂಪರ್ಕದಿಂದ ಪಿನಿಯನ್ ಹಲ್ಲಿನ ತುದಿ ಕ್ರೌನ್ ಹಲ್ಲಿನ ಬುಡವನ್ನು ಕೆರೆಯುತ್ತದೆ. ಪ್ರೀಲೋಡ್ ಕಡಿಮೆಯಾದರೆ ಭಾರದಲ್ಲಿ ಪಿನಿಯನ್ ಸರಿದು, ಬೆಂಚಿನ ಮೇಲೆ ಸರಿಯಿದ್ದ ಗುರುತು ರಸ್ತೆಯಲ್ಲಿ ಉಳಿಯುವುದಿಲ್ಲ.

ಇಂದಿನ ಸ್ಥಿತಿ

ಕಾರ್ಖಾನೆಗಳಲ್ಲಿ ಸಂಪರ್ಕವನ್ನು ಕಂಪ್ಯೂಟರ್ ಲೆಕ್ಕಾಚಾರದಿಂದ ಮೊದಲೇ ನಿರ್ಧರಿಸಿ, ಪ್ರತಿ ಜೋಡಿಯನ್ನು ಪರೀಕ್ಷಾ ಯಂತ್ರದಲ್ಲಿ ತಿರುಗಿಸಿ ನೋಡುತ್ತಾರೆ. ಲ್ಯಾಪಿಂಗ್ ಬದಲು ಹಲ್ಲುಗಳನ್ನು ಗ್ರೈಂಡ್ ಮಾಡುವ ಪದ್ಧತಿಯೂ ಹರಡುತ್ತಿದೆ. ಬೆವೆಲ್ ಮತ್ತು ಹೈಪಾಯಿಡ್ ಗೇರುಗಳ ನಿಖರತೆಗೆ ಐಎಸ್‌ಒ 17485, ಭಾರ ಸಾಮರ್ಥ್ಯಕ್ಕೆ ಐಎಸ್‌ಒ 10300 ಮಾನಕಗಳಿವೆ.

ಎಂಜಿನ್ ಅಡ್ಡಲಾಗಿರುವ ಮುಂಬದಿ ಚಾಲನೆಯ ಕಾರುಗಳಲ್ಲಿ ಅಂತಿಮ ಗೇರುಗಳು ಸಮಾನಾಂತರ ಅಕ್ಷದ ಹೆಲಿಕಲ್ ಗೇರುಗಳಾದ್ದರಿಂದ ಈ ಹೊಂದಾಣಿಕೆಯೇ ಇಲ್ಲ. ಬೇರಿಂಗ್ ಪ್ರೀಲೋಡ್ ಸಾಕು. ಹೆಚ್ಚಿನ ವಿದ್ಯುತ್ ಕಾರುಗಳಲ್ಲೂ ಹಾಗೆಯೇ. ಬಿಡದಿಯಲ್ಲಿ ತಯಾರಾಗುವ ಟೊಯೋಟಾ ಇನ್ನೋವಾ ಈ ಬದಲಾವಣೆಗೆ ಹತ್ತಿರದ ಉದಾಹರಣೆ: ಇನ್ನೋವಾ ಕ್ರಿಸ್ಟಾ ಹಿಂಬದಿ ಚಾಲನೆಯದು, 2022ರಲ್ಲಿ ಬಂದ ಹೈಕ್ರಾಸ್ ಮುಂಬದಿ ಚಾಲನೆಯದು.

ಆದರೆ ಮಹೀಂದ್ರಾ ಬೊಲೆರೊ, ನಿಂತುಹೋದರೂ ಇನ್ನೂ ಓಡುತ್ತಿರುವ ಮಾರುತಿ ಓಮ್ನಿ ಮತ್ತು ಜಿಪ್ಸಿ, ಸರಕು ಲಾರಿಗಳು ಹಾಗೂ ಡೀಸೆಲ್ ಬಸ್ಸುಗಳಲ್ಲಿ ಕ್ರೌನ್ ಪಿನಿಯನ್ ಇದ್ದೇ ಇದೆ. ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮವು ಬಸ್ಸುಗಳ ದೊಡ್ಡ ದುರಸ್ತಿಗಾಗಿ ಕೆಂಗೇರಿ ಮತ್ತು ಹಾಸನದಲ್ಲಿ ಪ್ರಾದೇಶಿಕ ಕಾರ್ಯಾಗಾರಗಳನ್ನು ಹೊಂದಿದೆ. ಐಟಿಐಗಳ ಮೆಕ್ಯಾನಿಕ್ ಮೋಟಾರ್ ವೆಹಿಕಲ್ ವೃತ್ತಿಯಲ್ಲಿ ಡಿಫರೆನ್ಷಿಯಲ್ ದುರಸ್ತಿ ಪಠ್ಯದ ಭಾಗವಾಗಿದೆ. ಅಳೆಯುವ ಸಾಧನಗಳು ಎಷ್ಟೇ ಸುಧಾರಿಸಿದ್ದರೂ ಮರುಜೋಡಿಸಿದ ಡಿಫರೆನ್ಷಿಯಲ್ ಸರಿಯಿದೆಯೆಂದು ಹೇಳಲು ಕ್ರೌನ್ ಹಲ್ಲಿನ ಮೇಲಿನ ಸಂಪರ್ಕ ಗುರುತೇ ಇಂದಿಗೂ ಅಂತಿಮ ಪ್ರಮಾಣ.